ಕಡಿತ ಯಾರ ತಟ್ಟೆಯಿಂದ?



ಮನೆಭೇಟಿಗೆ ಬಂದ ಗುರುಗಳಿಗೆ ಜನ ಸಾಮಾನ್ಯವಾಗಿ ತೋರಿಸುವುದು ಮಕ್ಕಳ ಅಂಕಪಟ್ಟಿಯನ್ನು, ಇಲ್ಲವೇ ಮದುವೆಯ ಆಲ್ಬಮನ್ನು. ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ನನಗೆ ತೋರಿಸಿದ್ದು ಎರಡು ದಿನಸಿ ಚೀಟಿಗಳನ್ನು. ಒಂದು ಎರಡು ವರ್ಷ ಹಳೆಯದು. ಪ್ರಾರ್ಥನಾ ಪುಸ್ತಕದ ಪುಟಗಳ ನಡುವೆ ಹೇಗೋ ಉಳಿದುಕೊಂಡಿತ್ತು. ಇನ್ನೊಂದು ಆ ಭಾನುವಾರ ಪೂಜೆ ಮುಗಿಸಿಕೊಂಡು ಸಂತೆಗೆ ಹೋಗಲು ಬರೆದದ್ದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ, ಆ ಮಾತನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆ ಮನೆಯಲ್ಲಿ ಆರು ಜನ. ಗಂಡ ಸಾಮಾನು ಸಾಗಿಸುವ ಆಟೋ ಓಡಿಸುತ್ತಾರೆ. ವಯಸ್ಸಾದ ಅತ್ತೆ ಇದ್ದಾರೆ. ಹದಿಮೂರರ ಮಗ, ಎಂಟರ ಮಗಳು, ಐದು ತಿಂಗಳ ಹಸುಗೂಸು. "ಫಾದರ್, ಇವರು ವಾರಕ್ಕೆ ಕೊಡೋ ದುಡ್ಡು ಎರಡು ವರ್ಷದಿಂದ ಅಷ್ಟೇ ಇದೆ. ದೊಡ್ಡವನು ಈಗ ಅಪ್ಪನಷ್ಟೇ ಉಣ್ತಾನೆ. ಬೆಲೆ ಏರ್ತಾನೇ ಇದೆ. ಅದರ ಮೇಲೆ ವಾರಕ್ಕೆ ಇನ್ನೂರು ರೂಪಾಯಿ ಉಳಿಸು ಅಂತಾರೆ. ಇನ್ನೇನು ಕಡಿಮೆ ಮಾಡಲಿ, ನೀವೇ ನೋಡಿ ಹೇಳಿ" ಎಂದರು.

ನೋಡಿದೆ. ಹಳೆಯ ಚೀಟಿಯಲ್ಲಿದ್ದ ಹೆಸರುಕಾಳು ಹೊಸ ಚೀಟಿಯಲ್ಲಿರಲಿಲ್ಲ. ಕಡಲೆಬೀಜ ಇರಲಿಲ್ಲ. ಬಾಳೆಹಣ್ಣು ಇರಲಿಲ್ಲ. ಮೂವತ್ತು ಮೊಟ್ಟೆ ಹನ್ನೆರಡಾಗಿತ್ತು. ಬಿಸ್ಕತ್ತು, ನೂಡಲ್ಸು, ನೆಂಟರು ಬಂದರೆ ಇರಲೆಂದು ತರುವ ತಂಪು ಪಾನೀಯ ಮಾತ್ರ ಎರಡರಲ್ಲೂ ಹಾಗೆಯೇ ಇದ್ದವು.

"ಹನ್ನೆರಡು ಮೊಟ್ಟೆ ಯಾರಿಗೆ ಬರುತ್ತದಮ್ಮ?" ಎಂದು ಕೇಳಿದೆ.

"ಇವರಿಗೆ, ಮಕ್ಕಳಿಗೆ."

"ನಿಮಗೆ?"

ಅವರು ನಕ್ಕುಬಿಟ್ಟರು. "ನನಗೇನೋ ಹಸಿವೇ ಆಗಲ್ಲ ಫಾದರ್."

ಐದು ತಿಂಗಳ ಮಗುವಿಗೆ ಎದೆಹಾಲು ಕುಡಿಸುತ್ತಿರುವ ತಾಯಿ ಹೇಳಿದ ಮಾತು ಇದು. ನಾನು ಮನೆಯನ್ನು ಆಶೀರ್ವದಿಸಿ, ಕಾಫಿ ಕುಡಿದು, ಉತ್ತರ ಕೊಡದೆ ಎದ್ದು ಬಂದೆ. ಅವರ ಪ್ರಶ್ನೆ ಮಾತ್ರ ನನ್ನ ಹಿಂದೆಯೇ ಬಂದಿತು. ಬೆಳೆಯುವ ಕುಟುಂಬದ ವಾರದ ದಿನಸಿ ಖರ್ಚನ್ನು ಕಡಿಮೆ ಮಾಡುವುದು ಮೇಲ್ನೋಟಕ್ಕೆ ಬರೀ ಕೂಡಿಸಿ ಕಳೆಯುವ ಲೆಕ್ಕ. ಆದರೆ ಆ ಲೆಕ್ಕದೊಳಗೆ ನ್ಯಾಯ ಅನ್ಯಾಯದ ಪ್ರಶ್ನೆಯೊಂದು ಅಡಗಿದೆ. ಇಂದು ಅದನ್ನು ಕುರಿತು ನಾವು ಒಟ್ಟಾಗಿ ಚಿಂತಿಸೋಣ.

ಲೆಕ್ಕ ಇಡುವುದು ಅವಿಶ್ವಾಸವೇ?

"ದೇವರು ಬಾಯಿ ಕೊಟ್ಟ ಮೇಲೆ ಅನ್ನ ಕೊಡುವುದಿಲ್ಲವೇ? ಇಷ್ಟೆಲ್ಲಾ ಲೆಕ್ಕ ಹಾಕಿದರೆ ವಿಶ್ವಾಸ ಎಲ್ಲಿ ಉಳಿಯಿತು?" ಎಂದು ಕೆಲವರು ಕೇಳುತ್ತಾರೆ. ಏನು ಉಣ್ಣುವುದು, ಏನು ಉಡುವುದು ಎಂದು ಚಿಂತೆಗೊಳಗಾಗಬೇಡಿ ಎಂದು ಪ್ರಭು ಯೇಸು ಬೋಧಿಸಿದ್ದು ನಿಜ (ಮತ್ತಾಯ 6:25-34). ಆದರೆ ಚಿಂತೆಯಿಂದ ಕುಗ್ಗುವುದು ಬೇರೆ, ವಿವೇಕದಿಂದ ಲೆಕ್ಕ ಹಾಕುವುದು ಬೇರೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದವರೂ ಅದೇ ಪ್ರಭು (ಲೂಕ 14:28). ಐದು ರೊಟ್ಟಿ, ಎರಡು ಮೀನಿನಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಮೇಲೆ, ಉಳಿದ ತುಂಡುಗಳನ್ನು ಹಾಳುಮಾಡದೆ ಒಟ್ಟುಗೂಡಿಸಲು ಶಿಷ್ಯರಿಗೆ ಅಪ್ಪಣೆ ಕೊಟ್ಟರು; ಹನ್ನೆರಡು ಬುಟ್ಟಿ ತುಂಬಿದವು (ಯೊವಾನ್ನ 6:12-13). ಕಲ್ಲನ್ನೇ ರೊಟ್ಟಿ ಮಾಡಬಲ್ಲ ದೇವಪುತ್ರರೇ ತುಂಡು ರೊಟ್ಟಿಯನ್ನು ಎಸೆಯಲು ಬಿಡಲಿಲ್ಲ ಎಂಬುದನ್ನು ನಾವು ನೆನಪಿನಲ್ಲಿಡಬೇಕು.

ಪವಿತ್ರ ಕುಟುಂಬವೂ ಲೆಕ್ಕ ಹಾಕಿದ ಕುಟುಂಬವೇ. ಬಾಲಯೇಸುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸುವಾಗ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಕುರಿಮರಿಯನ್ನು ಕೊಂಡೊಯ್ಯಲಿಲ್ಲ. ಬಡವರಿಗೆಂದು ಧರ್ಮಶಾಸ್ತ್ರ ಅನುಮತಿಸಿದ್ದ ಜೋಡಿ ಹಕ್ಕಿಗಳನ್ನು ಒಪ್ಪಿಸಿದರು (ಲೂಕ 2:24; ಯಾಜಕಕಾಂಡ 12:8). ಸಾಲ ಮಾಡಿಯಾದರೂ ಕುರಿಮರಿ ತರಬೇಕೆಂದು ಅವರಿಗೆ ಅನಿಸಲಿಲ್ಲ. ಆದುದರಿಂದ ಕೈಯಲ್ಲಿ ಚೀಟಿ ಹಿಡಿದು, ಬೆಲೆ ವಿಚಾರಿಸಿ, ಅಗ್ಗದ್ದನ್ನು ಆರಿಸಿ ಕೊಳ್ಳುವ ಗೃಹಿಣಿ ನಾಚಿಕೊಳ್ಳಬೇಕಾಗಿಲ್ಲ.

ಗ್ರೀಕ್ ಭಾಷೆಯಲ್ಲಿ ಮನೆವಾರ್ತೆ ನಡೆಸುವುದಕ್ಕೆ 'ಒಯ್ಕೊನೊಮಿಯಾ' ಎನ್ನುತ್ತಾರೆ. ಮನುಕುಲವನ್ನು ಉದ್ಧರಿಸುವ ದೇವರ ಯೋಜನೆಗೂ ಧರ್ಮಸಭೆಯ ಪಿತೃಗಳು ಇದೇ ಪದವನ್ನು ಬಳಸಿದರು. ಸಂತ ಥಾಮಸ್ ಅಕ್ವಿನಾಸರು ಮನೆವಾರ್ತೆಯ ವಿವೇಕವನ್ನು ವಿವೇಕವೆಂಬ ಸದ್ಗುಣದ ಒಂದು ಪ್ರತ್ಯೇಕ ಬಗೆಯೆಂದೇ ಪರಿಗಣಿಸಿದರು. ನಿಮ್ಮ ಅಡುಗೆಮನೆಯ ಲೆಕ್ಕ ಅಷ್ಟು ಗೌರವದ ಕೆಲಸ.

ಮಿತವ್ಯಯ ಯಾವಾಗ ಸದ್ಗುಣ?

ಹಾಗಾದರೆ ಖರ್ಚು ಕಡಿಮೆಯಾದಷ್ಟೂ ಪುಣ್ಯ ಹೆಚ್ಚೇ? ಇಲ್ಲ. ಹಣದ ವಿಷಯದಲ್ಲಿ ಸದ್ಗುಣವು ದುಂದುಗಾರಿಕೆ ಮತ್ತು ಜಿಪುಣತನಗಳ ನಡುವೆ ಇದೆ ಎಂದು ಅರಿಸ್ಟಾಟಲ್ ಹೇಳಿದ. ಸಂತ ಥಾಮಸರು ಅದನ್ನು ಒಪ್ಪಿ ಕ್ರೈಸ್ತ ಬೆಳಕಿನಲ್ಲಿ ವಿವರಿಸಿದರು. ಈ ನಡುದಾರಿಯನ್ನು ತಕ್ಕಡಿಯಲ್ಲಿ ತೂಗಿ ಕಂಡುಹಿಡಿಯಲಾಗದು. ಕೊಡಬೇಕಾದವರಿಗೆ, ಕೊಡಬೇಕಾದಾಗ, ಕೊಡಬೇಕಾದಷ್ಟು ಕೊಡುವುದೇ ಆ ನಡುದಾರಿ. ಆದ್ದರಿಂದ ವಾರದ ಕೊನೆಗೆ ಉಳಿದ ಇನ್ನೂರು ರೂಪಾಯಿಯನ್ನು ನೋಡಿ ಅದು ಸದ್ಗುಣದಿಂದ ಬಂದದ್ದೋ ಪಾಪದಿಂದ ಬಂದದ್ದೋ ಹೇಳಲಾಗದು. ಅದು ಎಲ್ಲಿಂದ ಉಳಿಯಿತು ಎಂದು ಕೇಳಬೇಕು.

ಈ ತಾಯಿಯ ಚೀಟಿಯ ಹಿಂದೆ ಹೋಗಿ ನೋಡಿದಾಗ ಮೂರು ಕಡೆಯಿಂದ ಹಣ ಉಳಿದಿತ್ತು. ಮೊದಲನೆಯದು ಅವರದೇ ತಟ್ಟೆ. ಎರಡನೆಯದು ಸಂತೆಯ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂರುವ ಸೊಪ್ಪಿನ ಅಜ್ಜಿ. "ಅಜ್ಜಿ ಹತ್ರ ಐದು ರೂಪಾಯಿಗೂ ಜಗಳ ಆಡ್ತೀನಿ ಫಾದರ್" ಎಂದು ಅವರೇ ಹೇಳಿಕೊಂಡರು. ಅಂಗಡಿಯಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಮುಂಜಾನೆ ನಾಲ್ಕಕ್ಕೆ ಎದ್ದು ಸೊಪ್ಪು ಕಿತ್ತು ತಂದವಳ ಮುಂದೆ ಮಾತ್ರ ನಮ್ಮ ಮಿತವ್ಯಯ ಜಾಗೃತವಾಗುತ್ತದೆ! ಮೂರನೆಯದು ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಮುದುಕಿ. ಮೊದಲು ವಾರಕ್ಕೆರಡು ಸಲ ಒಂದು ಬಟ್ಟಲು ಸಾರು ಅಲ್ಲಿಗೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ.

ಬಿಲ್ಲು ಕಡಿಮೆಯಾಗಿರಲಿಲ್ಲ, ಪ್ರಿಯರೇ. ಅದನ್ನು ಕಟ್ಟುವವರು ಬದಲಾಗಿದ್ದರು, ಅಷ್ಟೇ. ಮಾತನಾಡದ ಮೂವರು ಹೆಂಗಸರು ಅದನ್ನು ಹಂಚಿಕೊಂಡು ಕಟ್ಟುತ್ತಿದ್ದರು.

ಇದು ಆ ತಾಯಿಯ ತಪ್ಪು ಎಂದು ನಾನು ಹೇಳುತ್ತಿಲ್ಲ. ಮನೆ ಬಾಡಿಗೆ ಬಾಗುವುದಿಲ್ಲ. ಶಾಲೆಯ ಫೀಸು, ಚೀಟಿಯ ಕಂತು, ಆಟೋ ಸಾಲ ಯಾವುದೂ ಬಾಗುವುದಿಲ್ಲ. ಮನೆಯ ಖರ್ಚಿನಲ್ಲಿ ಬಾಗುವುದು ಅಡುಗೆಮನೆಯೊಂದೇ. ಏಕೆಂದರೆ ಅಲ್ಲಿ ಬಾಗುವ ಒಬ್ಬರಿದ್ದಾರೆ.

ತಾಯಿಯ ತ್ಯಾಗವೆಂಬ ಮಾತು

"ಮಕ್ಕಳಿಗಾಗಿ ತಾಯಿ ಹಸಿದಿರುವುದು ತ್ಯಾಗವಲ್ಲವೇ? ಶಿಲುಬೆಯ ದಾರಿ ಅದೇ ಅಲ್ಲವೇ?" ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಾನೂ ಬಹುಕಾಲ ಹೀಗೆಯೇ ನಂಬಿದ್ದೆ, ಪ್ರವಚನಪೀಠದಿಂದ ಹೀಗೆಯೇ ಬೋಧಿಸಿದ್ದೆ.

ನಾವು ಆರು ಜನ ಮಕ್ಕಳು. ಅವ್ವ ಯಾವಾಗಲೂ ಕೊನೆಗೆ, ಒಲೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದಳು. ಪಾತ್ರೆಯ ತಳ ಹಿಡಿದ ಅನ್ನವನ್ನು ಕೆರೆದು, ನೀರು ಮಜ್ಜಿಗೆ ಹಾಕಿಕೊಳ್ಳುತ್ತಿದ್ದಳು. "ನಮ್ಮವ್ವನಿಗೆ ಸೀದ ಅನ್ನವೆಂದರೆ ಬಲು ಇಷ್ಟ" ಎಂದು ಗುರುಮಠದಲ್ಲಿ ಗೆಳೆಯರಿಗೆ ನಗುತ್ತಾ ಹೇಳುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಒಮ್ಮೆ ಅಕ್ಕನ ಮುಂದೆ ಇದೇ ಮಾತು ಆಡಿದೆ. ಅಕ್ಕ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅದು ಇಷ್ಟ ಅಂತ ನಿನಗೆ ಯಾರು ಹೇಳಿದ್ದು?" ಎಂದಳು. ಏಳು ವರ್ಷ ತತ್ವಶಾಸ್ತ್ರ, ದೇವಶಾಸ್ತ್ರ ಓದಿದ ನನಗೆ ಆ ಒಂದು ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ತ್ಯಾಗವನ್ನು ಅನ್ಯಾಯದಿಂದ ಬೇರ್ಪಡಿಸುವುದು ಯಾವುದು? ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನಾಗಿಯೇ ಅರ್ಪಿಸುತ್ತಿದ್ದೇನೆ ಎಂದು ಪ್ರಭು ಸ್ಪಷ್ಟಪಡಿಸಿದರು (ಯೊವಾನ್ನ 10:18). ತ್ಯಾಗವೆಂದರೆ ಸ್ವಂತ ಇಚ್ಛೆಯಿಂದ ಕೊಟ್ಟದ್ದು. ಮನೆಯವರೆಲ್ಲರೂ ಕಣ್ಣು ಮುಚ್ಚಿಕೊಂಡಿರುವುದರಿಂದ ಒಬ್ಬಳ ಪಾಲು ದಿನವೂ ಇಲ್ಲವಾಗುತ್ತಿದ್ದರೆ ಅದನ್ನು ತ್ಯಾಗವೆಂದು ಹೊಗಳುವುದು ನಮಗೆ ಅನುಕೂಲ, ಅವಳಿಗಲ್ಲ. ಒಂದು ಕಷ್ಟದ ದಿನ ತಾಯಿ ತನ್ನ ರೊಟ್ಟಿಯನ್ನು ಮಗುವಿಗೆ ಕೊಟ್ಟರೆ ಅದು ಪ್ರೀತಿ. ವರ್ಷಕ್ಕೆ ಮುನ್ನೂರ ಅರವತ್ತೈದು ದಿನವೂ ಹಾಗೆಯೇ ನಡೆದರೆ ಅದು ಆ ಮನೆಯ ಪದ್ಧತಿ. ಪದ್ಧತಿಗೆ ಮನೆಯವರೆಲ್ಲರೂ ಹೊಣೆ.

ನಮ್ಮ ಶರೀರವನ್ನೂ ದೈವಪ್ರೀತಿಯಿಂದಲೇ ಪ್ರೀತಿಸಬೇಕೆಂದು ಸಂತ ಥಾಮಸರು ಕಲಿಸಿದ್ದಾರೆ. ಧರ್ಮಸಭೆಯ ಉಪವಾಸದ ನಿಯಮವನ್ನೇ ನೋಡಿ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಹದಿನೆಂಟು ತುಂಬಿದವರಿಂದ ಅರವತ್ತನೆಯ ವರ್ಷಕ್ಕೆ ಕಾಲಿಡುವವರೆಗಿನವರಿಗೆ ಅನ್ವಯಿಸುತ್ತದೆ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅದರಿಂದ ವಿನಾಯಿತಿ ಇದೆ ಎಂಬುದು ಹಿಂದಿನಿಂದ ಬಂದ ತಿಳುವಳಿಕೆ. ಪ್ರಭು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನವೂ ಧರ್ಮಸಭೆ ಕೇಳದ ಉಪವಾಸವನ್ನು ದಿನಸಿ ಚೀಟಿ ದಿನವೂ ಕೇಳಬಹುದೇ?

ಇದು ಒಂದೆರಡು ಮನೆಗಳ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ ಅದು ಶೇ. 25. ಇದಕ್ಕೆ ಹೆರಿಗೆ, ಮುಟ್ಟು ಮುಂತಾದ ದೈಹಿಕ ಕಾರಣಗಳಿವೆ. ಆದರೆ ತಟ್ಟೆಯೂ ಒಂದು ಕಾರಣ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡಿದೆ. ನಮ್ಮ ಅನೇಕ ಮನೆಗಳಲ್ಲಿ ಅವಳಿಗೇ ಕಡಿಮೆ.

ಕಡಿತಕ್ಕೂ ಒಂದು ಕ್ರಮವಿದೆ

ಹಾಗಾದರೆ ಖರ್ಚು ಕಡಿಮೆ ಮಾಡುವುದೇ ಬೇಡವೇ? ಬೇಕು. ಆದರೆ ಅದಕ್ಕೊಂದು ಕ್ರಮ ಬೇಕು. ಆ ತಾಯಿಗೆ ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮ್ಮೆಲ್ಲರಿಗೂ ಹೇಳುತ್ತೇನೆ.

ಮೊದಲು ಹಾಳಾಗುವುದನ್ನು ನಿಲ್ಲಿಸಿ. ಆಹಾರವನ್ನು ಎಸೆಯುವುದು ಬಡವರ ಮೇಜಿನಿಂದ ಕದ್ದಂತೆ ಎಂದು ದಿವಂಗತ ಜಗದ್ಗುರು ಫ್ರಾನ್ಸಿಸರು 2013ರ ಜೂನ್ 5ರಂದು ಎಚ್ಚರಿಸಿದ್ದರು. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಸೊಪ್ಪು, ಕಾಳು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿದರು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಯಿತು. ಹೊಲದ ಬದುವಿನ ಬೆರಕೆಸೊಪ್ಪು, ಹಿತ್ತಲಿನ ನುಗ್ಗೆಸೊಪ್ಪು ಪುಕ್ಕಟೆಯಾಗಿ ಬಂದವು. ವಾರದಲ್ಲಿ ಏನು ಅಡುಗೆ ಎಂದು ಶನಿವಾರವೇ ಯೋಚಿಸಿ, ಡಬ್ಬಿಗಳನ್ನು ತೆರೆದು ನೋಡಿ ಚೀಟಿ ಬರೆದರೆ, ಇದ್ದದ್ದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ.

ಎರಡನೆಯದಾಗಿ ಪೊಟ್ಟಣಗಳ ಮೇಲೆ ಕೈಯಿಡಿ. 2022-23ರ ಕೇಂದ್ರ ಸರ್ಕಾರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಹಳ್ಳಿಯ ಕುಟುಂಬಗಳ ಒಟ್ಟು ಖರ್ಚಿನ ಶೇ. 46ರಷ್ಟು, ಪಟ್ಟಣದ ಕುಟುಂಬಗಳ ಶೇ. 39ರಷ್ಟು ಆಹಾರಕ್ಕೆ ಹೋಗಿತ್ತು. ಅದರಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಗಳಿಗೆ ಹಳ್ಳಿಯಲ್ಲಿ ಒಟ್ಟು ಖರ್ಚಿನ ಸುಮಾರು ಶೇ. 5, ಪಟ್ಟಣದಲ್ಲಿ ಶೇ. 4ಕ್ಕೂ ಕಡಿಮೆ. ಕಾಫಿ ಟೀ, ಪಾನೀಯ, ಹೋಟೆಲ್ ಊಟ, ಸಿದ್ಧ ತಿಂಡಿಗಳಿಗೆ ಹಳ್ಳಿಯಲ್ಲೂ ಶೇ. 9ಕ್ಕಿಂತ ಹೆಚ್ಚು, ಪಟ್ಟಣದಲ್ಲಿ ಶೇ. 10ಕ್ಕಿಂತ ಹೆಚ್ಚು! ಒಂದು ಸಣ್ಣ ಲೆಕ್ಕ ಮಾಡಿ. ಹತ್ತು ರೂಪಾಯಿಯ ಕುರುಕಲು ತಿಂಡಿಯ ಪೊಟ್ಟಣದಲ್ಲಿ 25 ಗ್ರಾಂ ಇದ್ದರೆ ಅದರ ಬೆಲೆ ಕಿಲೋಗೆ 400 ರೂಪಾಯಿ ಆಯಿತು. ಕಡಲೆಬೀಜಕ್ಕೆ ನಾವು ಅಷ್ಟು ಕೊಡುತ್ತೇವೆಯೇ? ಆದರೂ ಚೀಟಿಯಿಂದ ಹೋದದ್ದು ಕಡಲೆಬೀಜ, ಉಳಿದದ್ದು ಪೊಟ್ಟಣ. ಏಕೆಂದರೆ ಪೊಟ್ಟಣಕ್ಕಾಗಿ ಮಕ್ಕಳು ಅಳುತ್ತಾರೆ, ಕಡಲೆಬೀಜಕ್ಕಾಗಿ ಯಾರೂ ಅಳುವುದಿಲ್ಲ. ಹುರುಳಿ, ಹೆಸರು, ಅಲಸಂದೆ, ರಾಗಿ, ಮೊಟ್ಟೆ ಇವು ಬೆಳೆಯುವ ಮಕ್ಕಳ ಎಲುಬು, ರಕ್ತ. ಇವುಗಳ ಮೇಲೆ ಗೆರೆ ಎಳೆಯುವ ಮೊದಲು ಎರಡು ಸಲ ಯೋಚಿಸಿ.

ಮೂರನೆಯದು, ಒಬ್ಬರ ಚಟದ ಖರ್ಚು. ಇದನ್ನು ಗಂಡಸರಿಗೇ ಹೇಳುತ್ತಿದ್ದೇನೆ. ಸಿಗರೇಟು, ಗುಟ್ಕಾ, ಸಂಜೆಯ ಕುಡಿತ ದಿನಸಿ ಚೀಟಿಯಲ್ಲಿ ಕಾಣಿಸುವುದಿಲ್ಲ. ಅದು ಚೀಟಿ ಬರೆಯುವ ಮೊದಲೇ ಜೇಬಿನಿಂದ ಹೋಗಿರುತ್ತದೆ. ದಿನಕ್ಕೆ ಮೂವತ್ತು ರೂಪಾಯಿ ಎಂದರೆ ವಾರಕ್ಕೆ ಇನ್ನೂರ ಹತ್ತು. ಹೆಂಡತಿಗೆ ಉಳಿಸೆಂದು ಹೇಳಿದ ಇನ್ನೂರು ಎಲ್ಲಿದೆ ಎಂದು ಹುಡುಕುವಾಗ ನಮ್ಮ ಅಂಗಿಯ ಜೇಬನ್ನೂ ಒಮ್ಮೆ ನೋಡಿಕೊಳ್ಳೋಣ.

ನಾಲ್ಕನೆಯದು, ಒಟ್ಟಾಗಿ ಕೊಳ್ಳಿ. ದಿನಕ್ಕೊಂದು ಸಣ್ಣ ಪೊಟ್ಟಣ ಎಣ್ಣೆ, ಸಣ್ಣ ಪೊಟ್ಟಣ ಟೀಪುಡಿ ಕೊಳ್ಳುವ ಬಡವ ಅನೇಕ ಸಲ ಸಿರಿವಂತನಿಗಿಂತ ಹೆಚ್ಚು ಬೆಲೆ ಕೊಡುತ್ತಾನೆ. ನಮ್ಮ ಕಿರು ಕ್ರೈಸ್ತ ಸಮುದಾಯದ ನಾಲ್ಕು ಮನೆಯವರು ಸೇರಿ ಒಂದು ಮೂಟೆ ಅಕ್ಕಿ, ಹತ್ತು ಕಿಲೋ ಬೇಳೆ ತಂದು ಹಂಚಿಕೊಳ್ಳಲಾಗದೇ? ಆದಿ ಕ್ರೈಸ್ತರು ಎಲ್ಲವನ್ನೂ ಹಂಚಿಕೊಂಡು ಬಾಳಿದರೆಂದು ಓದುತ್ತೇವೆ. ಬೇಳೆಯಿಂದಲಾದರೂ ನಾವು ಆರಂಭಿಸಬಹುದು.

ಇನ್ನು ಕೈ ಹಾಕಬಾರದ ಮೂರು ಜಾಗಗಳಿವೆ. ತಾಯಿಯ ಮತ್ತು ಮಕ್ಕಳ ಪೌಷ್ಟಿಕ ಆಹಾರ. ಸೊಪ್ಪಿನ ಅಜ್ಜಿಯ ದುಡಿಮೆಯ ಬೆಲೆ. ಹಸಿದವರಿಗೆಂದು ತೆಗೆದಿಟ್ಟ ಹಿಡಿ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲನ್ನು ಆಯ್ದುಕೊಳ್ಳಬೇಡಿ, ಅವು ಬಡವರಿಗೂ ಪರದೇಶಿಗಳಿಗೂ ಇರಲಿ ಎಂದು ದೇವರು ವಿಧಿಸಿದರು (ಯಾಜಕಕಾಂಡ 19:9-10). ಆ ಹಕ್ಕಲಿನಿಂದಲೇ ವಿಧವೆ ರೂತಳು ತನ್ನ ಅತ್ತೆಯನ್ನು ಸಾಕಿದಳು. ನೆರೆಯ ಕೇರಳದ ಸಂತ ಚಾವರ ಕುರಿಯಾಕೋಸ್ ಎಲಿಯಾಸರು 19ನೆಯ ಶತಮಾನದಲ್ಲಿ ಮನೆಮನೆಯಲ್ಲೂ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ತೆಗೆದಿಡುವಂತೆ ಪ್ರೋತ್ಸಾಹಿಸಿ, ಅದರಿಂದ ಬಡಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕಿಸಿದರು. ಕೊಟ್ಟವರೂ ಸಿರಿವಂತರಾಗಿರಲಿಲ್ಲ. ಅಳೆದು ಅಡುಗೆ ಮಾಡುವ ಕೈಯೇ ಹಿಡಿ ತೆಗೆದಿಡಬಲ್ಲದು.

ಕಡಿಯಲು ಏನೂ ಉಳಿಯದಿದ್ದರೆ?

ಪೊಟ್ಟಣವೂ ಇಲ್ಲ, ಚಟವೂ ಇಲ್ಲ, ಎಸೆಯಲು ತುಂಡೂ ಇಲ್ಲ ಎಂಬ ಮನೆಗಳು ನಮ್ಮಲ್ಲಿವೆ. ಅವರಿಗೆ ಮಿತವ್ಯಯವನ್ನು ಬೋಧಿಸುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಅಲ್ಲಿ ಪ್ರಶ್ನೆ ಗೃಹಿಣಿಯದಲ್ಲ, ನಮ್ಮೆಲ್ಲರದು. ದುಡಿಯುವವನಿಗೆ ತನ್ನ ಕುಟುಂಬವನ್ನು ಸಾಕಲು ಸಾಕಾಗುವಷ್ಟು ಕೂಲಿ ಸಿಗಬೇಕೆಂದು ಜಗದ್ಗುರು 13ನೆಯ ಲಿಯೋರವರು 1891ರಲ್ಲಿಯೂ ಸಂತ ಎರಡನೆಯ ಜಾನ್ ಪಾಲರು 1981ರಲ್ಲಿಯೂ ತಮ್ಮ ವಿಶ್ವಪತ್ರಗಳಲ್ಲಿ ಬೋಧಿಸಿದರು. ಧರ್ಮಕೇಂದ್ರದ ಮುಂದಿನ ಸಾಲಿನಲ್ಲಿ ಕೂರುವ ಮಾಲೀಕರೇ, ಮನೆಗೆಲಸದವಳಿಗೆ ಸಂಬಳ ಕೊಡುವ ಗೃಹಿಣಿಯರೇ, ನೀವು ಕೊನೆಯ ಸಲ ಕೂಲಿ ಏರಿಸಿದ್ದು ಯಾವಾಗ? ನಿಮ್ಮ ಮನೆಯ ಉಳಿತಾಯ ಇನ್ನೊಂದು ಮನೆಯ ಚೀಟಿಯ ಮೇಲಿನ ಗೆರೆಯಾಗಿರಬಹುದು.

ಇನ್ನೊಂದು ಮಾತು. ಸರ್ಕಾರ ಕೊಡುವುದನ್ನು ಪಡೆಯಲು ಅರ್ಹರು ಸಂಕೋಚಪಡಬಾರದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಹಕ್ಕು, ಭಿಕ್ಷೆಯಲ್ಲ. ಪಡಿತರ ಚೀಟಿಯ ವಿಷಯದಲ್ಲಿ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆಯೆಂದು ಆ ಕಾಯ್ದೆ ಗುರುತಿಸುತ್ತದೆ. ಗರ್ಭಿಣಿಯರಿಗೂ, ಹೆರಿಗೆಯಾದ ಆರು ತಿಂಗಳವರೆಗೆ ತಾಯಂದಿರಿಗೂ ಅಂಗನವಾಡಿಯ ಮೂಲಕ ಉಚಿತ ಆಹಾರದ ಹಕ್ಕನ್ನು ಕೊಡುತ್ತದೆ. "ಅಂಗನವಾಡಿಗೆ ಹೋದರೆ ಜನ ಏನಂದುಕೊಳ್ತಾರೋ" ಎಂದು ನಮ್ಮ ಆ ತಾಯಿ ಹೋಗಿರಲಿಲ್ಲ. ಜೋಡಿ ಹಕ್ಕಿಗಳನ್ನು ಒಪ್ಪಿಸಿದ ಮಾತೆ ಮರಿಯಮ್ಮನವರು ಜನ ಏನಂದುಕೊಳ್ಳುವರೆಂದು ಹಿಂಜರಿದರೇ?

ಒಬ್ಬರಿಗಾಗಿ ಒಬ್ಬರು ಕಾಯುವ ಊಟ

ಕೊರಿಂಥದ ಕ್ರೈಸ್ತರು ಪ್ರಭುಭೋಜನಕ್ಕೆ ಸೇರುತ್ತಿದ್ದರು. ಮೊದಲು ಬಂದವರು ತಮ್ಮ ಪಾಡಿಗೆ ತಾವು ಉಂಡು ಕುಡಿದು ಮತ್ತರಾಗುತ್ತಿದ್ದರು. ದುಡಿದು ತಡವಾಗಿ ಬಂದ ಬಡವರು ಹಸಿದೇ ಇರುತ್ತಿದ್ದರು. ಅದನ್ನು ಕೇಳಿದ ಸಂತ ಪೌಲರು, ಅವರು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂದು ಕಟುವಾಗಿ ಬರೆದರು. ಕೊನೆಗೆ ಅವರು ಕೊಟ್ಟ ಪರಿಹಾರ ಬಹಳ ಸರಳ: ಊಟಕ್ಕೆ ಸೇರುವಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು (1 ಕೊರಿಂಥ 11:20-33).

ನಮ್ಮ ಮನೆಗಳಿಗೂ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಕಾಣುತ್ತಿಲ್ಲ. ರಾತ್ರಿಯೂಟಕ್ಕೆ ಎಲ್ಲರೂ ಕುಳಿತ ಮೇಲೆ ತಟ್ಟೆಗಳಿಗೆ ಬಡಿಸಿ, ಅಡುಗೆ ಮಾಡಿದವಳ ತಟ್ಟೆಗೂ ಸೇರಿಸಿ. ಅವಳೂ ಕುಳಿತ ಮೇಲೆ ಪ್ರಾರ್ಥನೆ ಹೇಳಿ ಊಟ ಆರಂಭಿಸಿ. ಹೀಗೆ ಮಾಡಿದರೆ ಒಂದು ವಿಷಯ ತಾನಾಗಿಯೇ ಆಗುತ್ತದೆ. ಸಾರು ಸಾಲದಿದ್ದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಗ ಕೊರತೆಯನ್ನು ಆರು ಜನ ಹಂಚಿಕೊಳ್ಳುತ್ತಾರೆ. ಅನುದಿನದ ಆಹಾರವನ್ನು ನಾವು ಪರಲೋಕದ ತಂದೆಯಲ್ಲಿ 'ನನಗೆ' ಕೊಡು ಎಂದು ಕೇಳುವುದಿಲ್ಲ, 'ನಮಗೆ' ಕೊಡು ಎಂದು ಕೇಳುತ್ತೇವೆ. ಆ 'ನಮಗೆ' ಎಂಬುದರೊಳಗೆ ಒಲೆಯ ಮುಂದೆ ನಿಂತವಳೂ ಇದ್ದಾಳೆ.

ಕೆಲವು ವಾರಗಳ ನಂತರ ಆ ಮನೆಗೆ ಮತ್ತೆ ಹೋಗಿದ್ದೆ. ಈ ಸಲ ಗಂಡ ಮನೆಯಲ್ಲಿದ್ದರು. ನಾನು ಉಪದೇಶ ಮಾಡಲಿಲ್ಲ. ಎರಡು ಚೀಟಿಗಳನ್ನು ಅವರ ಕೈಗೆ ಕೊಡುವಂತೆ ಆ ತಾಯಿಗೆ ಹೇಳಿದೆ. ಅವರು ಓದಿದರು. ಬಹಳ ಹೊತ್ತು ಸುಮ್ಮನಿದ್ದು, "ಇವಳು ಉಂಡಳೋ ಇಲ್ಲವೋ ಅಂತ ನಾನು ಯಾವತ್ತೂ ನೋಡಿಲ್ಲ ಫಾದರ್" ಎಂದರು. ಆ ಮಾತಿನಲ್ಲಿ ನನಗೆ ನನ್ನದೇ ಧ್ವನಿ ಕೇಳಿಸಿತು. ನನಗೆ ತಡವಾಗಿತ್ತು, ಅವರಿಗೆ ಇನ್ನೂ ತಡವಾಗಿರಲಿಲ್ಲ.

ಇನ್ನೂರು ರೂಪಾಯಿ ಉಳಿಯಿತೇ ಎಂದು ನೀವು ಕೇಳಬಹುದು. ಇಲ್ಲ. ತಂಪು ಪಾನೀಯ, ನೂಡಲ್ಸು ಹೋದವು. ಹೆಸರುಕಾಳು, ಕಡಲೆಬೀಜ ಬಂದವು. ಮೊಟ್ಟೆ ಮತ್ತೆ ಹೆಚ್ಚಾಯಿತು. ಎಲ್ಲ ಕೂಡಿಸಿ ಕಳೆದರೆ ವಾರಕ್ಕೆ ಉಳಿಯುವುದು ಅರವತ್ತು ರೂಪಾಯಿಯಷ್ಟೇ. ಆದರೆ ಆ ಅರವತ್ತು ಯಾರ ಹೊಟ್ಟೆಯಿಂದಲೂ ಬಂದದ್ದಲ್ಲ.

ಈ ವಾರ ನಿಮ್ಮ ಕುಟುಂಬ ಪ್ರಾರ್ಥನೆಯ ನಂತರ ಮೂರು ಪ್ರಶ್ನೆಗಳನ್ನು ಒಟ್ಟಾಗಿ ಕುಳಿತು ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನಿರುತ್ತದೆ? ಕಳೆದ ಸಲ ಉಳಿಸಿದ ಹಣ ಯಾರ ಪಾಲಿನದು? ನಮ್ಮ ಅಳತೆಯಲ್ಲಿ ಹಸಿದವರ ಹಿಡಿ ಇದೆಯೇ? ಪ್ರವಾದಿ ಎಲೀಯನಿಗೆ ತನ್ನ ಕೊನೆಯ ಹಿಟ್ಟಿನಲ್ಲಿ ರೊಟ್ಟಿ ಸುಟ್ಟುಕೊಟ್ಟ ಬಡ ವಿಧವೆಯ ಮಡಕೆಯನ್ನು ಬರಿದಾಗಲು ಬಿಡದ ದೇವರು, ನಿಮ್ಮ ಮನೆಯ ಮಡಕೆಯನ್ನೂ ಅದರ ಸುತ್ತ ಕೂರುವ ಎಲ್ಲರನ್ನೂ ಆಶೀರ್ವದಿಸಲಿ.